ದಶಮಾಂಶದಿಂದ ಪೂರ್ಣಾಂಕಕ್ಕೆ: ಬಿಂದುವಿನ ಬಲಭಾಗವನ್ನು ಬಿಡುವ ಮುನ್ನ ತಿಳಿದಿರಬೇಕಾದದ್ದು

2.3 ಎಕರೆ ಜಮೀನೆಂದರೆ 2 ಎಕರೆ 12 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ 0.3 ಎಕರೆಗೆ 12 ಗುಂಟೆ ಎಂಬುದನ್ನು ಬಾಯಿಲೆಕ್ಕದಲ್ಲಿಯೇ ಹೇಳಬಹುದು. ಇದೇ ಲೆಕ್ಕವನ್ನು ಪೈಥಾನ್ ಭಾಷೆಯಲ್ಲಿ ಬರೆದು ನೋಡಿದರೆ ಬೇರೊಂದು ಉತ್ತರ ಬರುವ ಸಂಭವವಿದೆ. 2.3ರಿಂದ 2ನ್ನು ಕಳೆದು, ಉಳಿದುದನ್ನು 40ರಿಂದ ಗುಣಿಸಿ, ಬಂದ ಮೊತ್ತವನ್ನು ಪೂರ್ಣಾಂಕವಾಗಿ ಪರಿವರ್ತಿಸುವಂತೆ ಆದೇಶಿಸಿದಾಗ ಗಣಕಯಂತ್ರ ನೀಡುವ ಉತ್ತರ 12 ಅಲ್ಲ, 11. ಒಂದು ಗುಂಟೆಯೆಂದರೆ 1,089 ಚದರ ಅಡಿ; 30-40 ಅಳತೆಯ ನಿವೇಶನಕ್ಕಿಂತ ತುಸು ಕಡಿಮೆ. ಅಷ್ಟು ಜಾಗ ಲೆಕ್ಕದಿಂದ ಮಾಯವಾಗಿರುತ್ತದೆ.

ಇಲ್ಲಿ ಯಂತ್ರ ಕೆಟ್ಟಿಲ್ಲ, ಭಾಷೆಯಲ್ಲಿಯೂ ದೋಷವಿಲ್ಲ. ದಶಮಾಂಶ ಸಂಖ್ಯೆಯನ್ನು ಪೂರ್ಣಾಂಕವಾಗಿಸುವುದು ಒಂದೇ ಒಂದು ಕ್ರಿಯೆಯೆಂದು ಭಾವಿಸಿದ್ದೇ ತಪ್ಪಿನ ಮೂಲ. ವಾಸ್ತವವಾಗಿ ಅದಕ್ಕೆ ಹಲವು ದಾರಿಗಳಿವೆ. ಬಿಂದುವಿನ ಬಲಭಾಗದಲ್ಲಿ ಉಳಿಯುವ ಅಂಶವನ್ನು ಯಾವ ದಿಕ್ಕಿಗೆ ತಳ್ಳಬೇಕೆಂಬುದು ಒಂದು ನಿರ್ಧಾರ. ಪ್ರೋಗ್ರಾಂ ಬರೆಯುವವರು ಆ ನಿರ್ಧಾರವನ್ನು ಕೈಗೊಳ್ಳದಿದ್ದರೆ ಭಾಷೆಯೇ ಅವರ ಪರವಾಗಿ ಕೈಗೊಳ್ಳುತ್ತದೆ. ತೆರಿಗೆ, ಜಮೀನು, ಮತ, ರಾಕೆಟ್ಟು, ಷೇರು ಸೂಚ್ಯಂಕಗಳವರೆಗೆ ಇದರ ಪರಿಣಾಮ ಚಾಚಿಕೊಂಡಿದೆ.

ಎರಡು ಬಗೆಯ ಸಂಖ್ಯೆಗಳು

ನಮಗೆ 3 ಮತ್ತು 3.0 ಒಂದೇ. ಗಣಕಯಂತ್ರಕ್ಕೆ ಇವು ಬೇರೆ ಬೇರೆ. 3 ಎಂಬುದು ಪೂರ್ಣಾಂಕ. ಇದನ್ನು ಯಂತ್ರವು ಒಂದು ಮತ್ತು ಸೊನ್ನೆಗಳ ದ್ವಿಮಾನ ಪದ್ಧತಿಯಲ್ಲಿ ಯಾವ ನಷ್ಟವೂ ಇಲ್ಲದೆ ಬರೆದಿಟ್ಟುಕೊಳ್ಳುತ್ತದೆ. 3.0 ಎಂಬುದು ತೇಲುಬಿಂದು ಸಂಖ್ಯೆ; ಪ್ರೋಗ್ರಾಮರುಗಳ ಮಾತಿನಲ್ಲಿ ಫ್ಲೋಟ್. ಇಂದಿನ ಬಹುತೇಕ ಗಣಕಗಳಲ್ಲಿ ಪೈಥಾನ್‌ನ ಫ್ಲೋಟ್ 64 ಬಿಟ್‌ಗಳಷ್ಟು ಜಾಗವನ್ನು ಪಡೆಯುತ್ತದೆ. ಸಂಖ್ಯೆಯ ನಿಖರತೆಗೆ ಅದರಲ್ಲಿ ದೊರೆಯುವುದು 53 ಬಿಟ್. ನಮ್ಮ ಹತ್ತರ ಲೆಕ್ಕದಲ್ಲಿ ಇದು ಸುಮಾರು 15ರಿಂದ 17 ಅಂಕಿಗಳಿಗೆ ಸಮ. ಈ ವ್ಯವಸ್ಥೆಯನ್ನು 1985ರಲ್ಲಿ ಪ್ರಕಟವಾದ ಐಇಇಇ 754 ಎಂಬ ಮಾನದಂಡ ರೂಪಿಸಿತು. 2008 ಮತ್ತು 2019ರಲ್ಲಿ ಅದು ಪರಿಷ್ಕೃತಗೊಂಡಿದೆ.

ಪಟ್ಟಿಯಲ್ಲಿ ಎಷ್ಟನೆಯ ಹೆಸರು ಬೇಕು, ಒಂದು ಕೆಲಸವನ್ನು ಎಷ್ಟು ಸಲ ಮಾಡಬೇಕು, ಎಷ್ಟು ಚೀಲ, ಎಷ್ಟು ಆಸನ, ಎಷ್ಟು ರೂಪಾಯಿ ಎಂಬ ಪ್ರಶ್ನೆಗಳಿಗೆಲ್ಲ ಪೂರ್ಣಾಂಕವೇ ಉತ್ತರವಾಗಬೇಕು. ಭಾಗಾಕಾರ, ಸರಾಸರಿ, ಶೇಕಡಾವಾರು ಲೆಕ್ಕಗಳಾದರೋ ದಶಮಾಂಶವನ್ನೇ ತಂದಿಡುತ್ತವೆ. ಹೀಗಾಗಿ ಪರಿವರ್ತನೆ ಪ್ರತಿಯೊಂದು ಪ್ರೋಗ್ರಾಮಿನಲ್ಲಿಯೂ ಎಲ್ಲೋ ಒಂದೆಡೆ ನಡೆದೇ ಇರುತ್ತದೆ.

ನಾಲ್ಕು ದಾರಿಗಳು

ಪೈಥಾನ್‌ನಲ್ಲಿ ದಶಮಾಂಶವನ್ನು ಪೂರ್ಣಾಂಕವಾಗಿಸಲು ಮುಖ್ಯವಾಗಿ ನಾಲ್ಕು ಫಂಕ್ಷನ್‌ಗಳಿವೆ. ಇಲ್ಲಿ ಅವುಗಳ ಹೆಸರನ್ನು ಉಚ್ಚಾರಣೆಯಂತೆ ಕೊಡಲಾಗಿದೆ. ಪ್ರೋಗ್ರಾಮಿನಲ್ಲಿ ಬರೆಯುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನು ಬಳಸಬೇಕು.

1. ಇಂಟ್: ಬಿಂದುವಿನ ಬಲಕ್ಕಿರುವುದನ್ನು ಕತ್ತರಿಸಿ ಹಾಕುತ್ತದೆ. ಇಂಟ್(3.7) ಎಂದರೆ 3, ಇಂಟ್(-3.7) ಎಂದರೆ -3. ಧನವಾಗಲಿ ಋಣವಾಗಲಿ, ಸಂಖ್ಯೆ ಸೊನ್ನೆಯ ಕಡೆಗೆ ಸರಿಯುತ್ತದೆ. ಮ್ಯಾಥ್ ಎಂಬ ಮಾಡ್ಯೂಲಿನಲ್ಲಿರುವ ಟ್ರಂಕ್ ಫಂಕ್ಷನ್ ಮಾಡುವುದೂ ಇದೇ ಕೆಲಸವನ್ನು.

2. ಫ್ಲೋರ್: ಸಂಖ್ಯಾರೇಖೆಯಲ್ಲಿ ಎಡಕ್ಕೆ, ಅಂದರೆ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. ಫ್ಲೋರ್(3.7) ಎಂದರೆ 3, ಆದರೆ ಫ್ಲೋರ್(-3.7) ಎಂದರೆ -4.

3. ಸೀಲ್: ಬಲಕ್ಕೆ, ಅಂದರೆ ಮೇಲಿನ ಪೂರ್ಣಾಂಕಕ್ಕೆ ಏರಿಸುತ್ತದೆ. ಸೀಲ್(3.2) ಎಂದರೆ 4, ಸೀಲ್(-3.7) ಎಂದರೆ -3.

4. ರೌಂಡ್: ಅತಿ ಹತ್ತಿರದ ಪೂರ್ಣಾಂಕಕ್ಕೆ ಒಯ್ಯುತ್ತದೆ. ರೌಂಡ್(3.7) ಎಂದರೆ 4, ರೌಂಡ್(3.2) ಎಂದರೆ 3.

ಇವುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಗಣಿತದಲ್ಲಿ ಉತ್ತರವಿಲ್ಲ. ಲೆಕ್ಕ ಯಾವುದರದ್ದು ಎಂಬುದರಲ್ಲಿ ಉತ್ತರವಿದೆ. ಹದಿನೇಳು ವರ್ಷ ಹನ್ನೊಂದು ತಿಂಗಳಾದವರನ್ನು ಹದಿನೆಂಟು ತುಂಬಿದವರೆಂದು ಮತದಾರರ ಪಟ್ಟಿಗೆ ಸೇರಿಸಲಾಗದು. ವಯಸ್ಸಿಗೆ ಫ್ಲೋರ್ ಸಲ್ಲುತ್ತದೆ. 53 ಮಂದಿಯನ್ನು 12 ಆಸನಗಳ ವಾಹನಗಳಲ್ಲಿ ಕರೆದೊಯ್ಯಬೇಕಾದರೆ ಭಾಗಲಬ್ಧ 4.41 ಬರುತ್ತದೆ, ಹತ್ತಿರದ ಪೂರ್ಣಾಂಕ 4. ಆದರೆ ನಾಲ್ಕೇ ವಾಹನ ತರಿಸಿದರೆ ಐದು ಮಂದಿ ರಸ್ತೆಯಲ್ಲಿಯೇ ನಿಲ್ಲಬೇಕಾಗುತ್ತದೆ. ಇಲ್ಲಿ ಸೀಲ್ ಬೇಕು. ಊರಿನ ಸರಾಸರಿ ಉಷ್ಣಾಂಶವನ್ನು ಓದುಗರಿಗೆ ತಿಳಿಸುವಾಗ ರೌಂಡ್ ಸಾಕು.

ಹೆಸರನ್ನು ನಂಬುವುದೂ ಅಪಾಯಕಾರಿ. ಕಚೇರಿಗಳಲ್ಲಿ ಬಳಕೆಯಲ್ಲಿರುವ ಎಕ್ಸೆಲ್‌ನಲ್ಲಿಯೂ ಇಂಟ್ ಎಂಬ ಫಂಕ್ಷನ್ ಇದೆ. ಅದಕ್ಕೆ -3.7 ಕೊಟ್ಟರೆ ಬರುವ ಉತ್ತರ -4. ಪೈಥಾನ್‌ನ ಇಂಟ್ ನೀಡುವುದು -3. ಎಕ್ಸೆಲ್ ಹಾಳೆಯನ್ನು ಪ್ರೋಗ್ರಾಮಾಗಿ ಬದಲಿಸುವಾಗ ಸಾಲ, ಬಾಕಿ, ನಷ್ಟದಂತಹ ಋಣ ಸಂಖ್ಯೆಗಳಿದ್ದರೆ ಒಂದೊಂದು ರೂಪಾಯಿಯ ವ್ಯತ್ಯಾಸ ಸಾಲುಸಾಲಾಗಿ ಕಾಣಿಸಿಕೊಳ್ಳುತ್ತದೆ.

ಅರ್ಧದ ಪ್ರಶ್ನೆ

2.5ಕ್ಕೆ ಹತ್ತಿರದ ಪೂರ್ಣಾಂಕ ಯಾವುದು? 2 ಎಷ್ಟು ದೂರವೋ 3 ಸಹ ಅಷ್ಟೇ ದೂರ. ಶಾಲೆಯಲ್ಲಿ ಕಲಿತಂತೆ ಅರ್ಧ ಬಂದರೆ ಮೇಲಕ್ಕೆ ಏರಿಸಬೇಕು. ಆದರೆ ಪೈಥಾನ್‌ನಲ್ಲಿ ರೌಂಡ್(2.5) ಎಂದರೆ 2, ರೌಂಡ್(3.5) ಎಂದರೆ 4, ರೌಂಡ್(0.5) ಎಂದರೆ 0. ಅರ್ಧ ಬಂದಾಗ ಸಮಸಂಖ್ಯೆಯ ಕಡೆಗೆ ಸರಿಯುವುದು ಇದರ ನಿಯಮ. 2008ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಪೈಥಾನ್ 3ರಿಂದ ಈ ಪದ್ಧತಿ ಜಾರಿಗೆ ಬಂದಿದೆ. ಅದಕ್ಕೂ ಹಿಂದಿನ ಪೈಥಾನ್ 2ರಲ್ಲಿ ಇದೇ ರೌಂಡ್ 3.0 ಎಂದು ಉತ್ತರಿಸುತ್ತಿತ್ತು.

ಸಮಸಂಖ್ಯೆಯ ನಿಯಮಕ್ಕೆ ಕಾರಣವಿದೆ. 0.5, 1.5, 2.5, 3.5 ಈ ನಾಲ್ಕನ್ನು ಕೂಡಿದರೆ 8. ಪ್ರತಿಯೊಂದನ್ನೂ ಮೇಲಕ್ಕೆ ಏರಿಸಿ ಕೂಡಿದರೆ 1, 2, 3, 4 ಸೇರಿ 10 ಆಗುತ್ತದೆ. ಸಮಸಂಖ್ಯೆಗೆ ಸರಿಸಿ ಕೂಡಿದರೆ 0, 2, 2, 4 ಸೇರಿ 8 ಆಗಿ ಮೊತ್ತ ಉಳಿದುಕೊಳ್ಳುತ್ತದೆ. ಸಾವಿರಾರು ಅಳತೆಗಳನ್ನು ಕೂಡುವ ವಿಜ್ಞಾನಿಗಳಿಗೂ ಸಂಖ್ಯಾಶಾಸ್ತ್ರಜ್ಞರಿಗೂ ಈ ಸಮತೋಲನ ಮುಖ್ಯ. ಐಇಇಇ 754 ಮಾನದಂಡವೂ ಸಾಮಾನ್ಯ ಸಂದರ್ಭಕ್ಕೆ ಇದನ್ನೇ ಆರಿಸಿಕೊಂಡಿದೆ.

ಆದರೆ ಕಾನೂನು ಗಣಕದ ಮಾನದಂಡವನ್ನು ಕೇಳಿ ನಡೆಯುವುದಿಲ್ಲ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 170ನೇ ಕಲಮಿನ ಪ್ರಕಾರ ತೆರಿಗೆಯ ಮೊತ್ತವನ್ನು ಹತ್ತಿರದ ರೂಪಾಯಿಗೆ ಸರಿಹೊಂದಿಸಬೇಕು. 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಬಿಡಬೇಕು. 112 ರೂಪಾಯಿ 50 ಪೈಸೆ ತೆರಿಗೆಗೆ ಈ ಕಲಮು ಹೇಳುವ ಉತ್ತರ 113. ಪೈಥಾನ್‌ನ ರೌಂಡ್ ಹೇಳುವುದು 112. ಭಾಷೆಯ ರೂಢಿಯನ್ನೇ ನಂಬಿ ಬಿಲ್ಲಿಂಗ್ ತಂತ್ರಾಂಶ ಬರೆದವರು ಕಾಯ್ದೆಗೆ ವಿರುದ್ಧವಾದ ಲೆಕ್ಕವನ್ನು ಬರೆದಂತಾಗುತ್ತದೆ.

ಇದಕ್ಕೆ ನೇರ ವಿರುದ್ಧವಾದ ನಿಯಮವೂ ಈ ದೇಶದಲ್ಲಿ ಜಾರಿಯಲ್ಲಿತ್ತು. 1957ರ ಏಪ್ರಿಲ್ 1ರಂದು ಭಾರತ ದಶಮಾಂಶ ನಾಣ್ಯ ಪದ್ಧತಿಗೆ ಬದಲಾದಾಗ 16 ಆಣೆಯ ರೂಪಾಯಿ 100 ಹೊಸ ಪೈಸೆಗಳ ರೂಪಾಯಿಯಾಯಿತು. ಒಂದು ಆಣೆಗೆ ಲೆಕ್ಕದಂತೆ 6.25 ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದ ಕಾರಣ ಆಣೆಗೆ 6 ಪೈಸೆ ಎಂದು ಗೊತ್ತುಪಡಿಸಲಾಯಿತು. ಎರಡು ಆಣೆಗೆ 12.5 ಪೈಸೆ ಬರುತ್ತದೆ. ಅಲ್ಲಿ ಅರ್ಧವನ್ನು ಕೈಬಿಟ್ಟು 12 ಪೈಸೆ ಎನ್ನಲಾಯಿತು. ಮೂರು ಆಣೆಯ 18.75 ಮಾತ್ರ 19 ಆಯಿತು. ಆರು ಆಣೆಯ 37.5ಕ್ಕೆ 37, ಹದಿನಾಲ್ಕು ಆಣೆಯ 87.5ಕ್ಕೆ 87. ಅರ್ಧ ಬಂದರೆ ಕೆಳಕ್ಕೆ ಎಂಬುದು ಅಂದಿನ ನಿಯಮವಾಗಿತ್ತು. ಒಂದೊಂದೇ ಆಣೆಯನ್ನು 6 ಪೈಸೆಯ ದರದಲ್ಲಿ ಹದಿನಾರು ಸಲ ಬದಲಿಸಿದವರ ಕೈಗೆ ರೂಪಾಯಿಗೆ 96 ಪೈಸೆಯೇ ಬರುತ್ತಿತ್ತು.

ಅರ್ಧವನ್ನು ಮೇಲಕ್ಕೆ, ಕೆಳಕ್ಕೆ, ಸಮಸಂಖ್ಯೆಗೆ ಸರಿಸುವ ಮೂರು ನಿಯಮಗಳೂ ತಮ್ಮ ತಮ್ಮ ಕ್ಷೇತ್ರದಲ್ಲಿ ಸರಿಯೇ. ಯಾವ ಕ್ಷೇತ್ರಕ್ಕೆ ಯಾವುದು ಎಂಬುದನ್ನು ಮನುಷ್ಯರು ಒಪ್ಪಿ ಬರೆದಿಟ್ಟಿರುತ್ತಾರೆ.

ಒಂದಕ್ಕಿಂತ ಹೆಚ್ಚು ಹಂತಗಳಿದ್ದರೆ ಅವುಗಳ ಕ್ರಮವೂ ಮುಖ್ಯ. 1961ರ ಆದಾಯ ತೆರಿಗೆ ಕಾಯ್ದೆಯ 288ಎ ಕಲಮು ಒಟ್ಟು ಆದಾಯವನ್ನು ಹತ್ತು ರೂಪಾಯಿಗಳ ಗುಣಕಕ್ಕೆ ಸರಿಹೊಂದಿಸಲು ಎರಡು ಹಂತಗಳನ್ನು ಹೇಳಿತ್ತು. ಮೊದಲು ಪೈಸೆಗಳನ್ನು ಪೂರ್ತಿ ಬಿಡಬೇಕು. ಆ ಬಳಿಕ ಕೊನೆಯ ಅಂಕಿ 5 ಅಥವಾ ಹೆಚ್ಚಿದ್ದರೆ ಮೇಲಿನ ಹತ್ತಕ್ಕೆ, ಇಲ್ಲವಾದರೆ ಕೆಳಗಿನ ಹತ್ತಕ್ಕೆ ಒಯ್ಯಬೇಕು. ಇದರಂತೆ 4,99,994 ರೂಪಾಯಿ 99 ಪೈಸೆ ಮೊದಲು 4,99,994 ಆಗಿ, ನಂತರ 4,99,990 ಆಗುತ್ತದೆ. ಮೊದಲ ಹಂತದಲ್ಲಿ ಕತ್ತರಿಸುವ ಬದಲು ಹತ್ತಿರದ ರೂಪಾಯಿಗೆ ಒಯ್ದರೆ 4,99,995 ಆಗಿ, ಎರಡನೆಯ ಹಂತದಲ್ಲಿ 5,00,000 ತಲುಪುತ್ತದೆ. ಒಂದು ಪೈಸೆಯ ಹಾದಿ ತಪ್ಪಿದ್ದಕ್ಕೆ ಹತ್ತು ರೂಪಾಯಿಗಳ ಅಂತರ.

ಕಣ್ಣಿಗೆ ಕಾಣದ ಕೊರತೆ

ಎಕರೆ ಗುಂಟೆಯ ಲೆಕ್ಕ ತಪ್ಪಿದ್ದಕ್ಕೆ ಕಾರಣ ಅರ್ಧದ ನಿಯಮವಲ್ಲ, ಫ್ಲೋಟ್‌ನ ಸ್ವಭಾವ. ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.3333 ಎಂದು ಕೊನೆಯಿಲ್ಲದೆ ಸಾಗುತ್ತದೆ. ಹಾಗೆಯೇ ದ್ವಿಮಾನದಲ್ಲಿ ಹತ್ತನೇ ಒಂದು ಭಾಗಕ್ಕೆ ಕೊನೆಯಿಲ್ಲ. ಛೇದದಲ್ಲಿ ಎರಡರ ಘಾತಗಳು ಮಾತ್ರ ಇರುವ 0.5, 0.25, 0.75ರಂತಹ ಭಾಗಗಳನ್ನು ಯಂತ್ರ ನಿಖರವಾಗಿ ಬರೆದಿಡಬಲ್ಲದು. 0.1, 0.2, 0.3ನ್ನು ಬರೆದಿಡಲಾರದು, ತನ್ನ 53 ಬಿಟ್‌ಗಳಲ್ಲಿ ಹಿಡಿಯುವಷ್ಟು ಹತ್ತಿರದ ಸಂಖ್ಯೆಯೊಂದನ್ನು ಇಟ್ಟುಕೊಳ್ಳುತ್ತದೆ.

2.3ನ್ನು ಕೊಟ್ಟಾಗ ಯಂತ್ರದೊಳಗೆ ಉಳಿಯುವುದು 2.3ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾದ ಸಂಖ್ಯೆ. 2ನ್ನು ಕಳೆದಾಗ ಆ ಕೊರತೆ ಹಾಗೆಯೇ ಉಳಿದು 0.2999999999999998 ಆಗುತ್ತದೆ. 40ರಿಂದ ಗುಣಿಸಿದರೆ 11.999999999999993. ಪರದೆಯ ಮೇಲೆ ಎರಡು ಸ್ಥಾನಗಳಿಗೆ ಮುದ್ರಿಸಿದರೆ 12.00 ಎಂದೇ ಕಾಣುತ್ತದೆ. ಇಂಟ್ ಮಾತ್ರ ಬಿಂದುವಿನ ಬಲಕ್ಕಿರುವ ಹದಿನೈದು ಅಂಕಿಗಳನ್ನು ಒಂದೇ ಏಟಿಗೆ ಕತ್ತರಿಸಿ 11 ಎನ್ನುತ್ತದೆ. ನಷ್ಟವಾಗಬೇಕಾದದ್ದು ಗುಂಟೆಯ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಆಗಿದ್ದು ಇಡೀ ಗುಂಟೆ.

ಹಣದ ವಿಷಯದಲ್ಲಿಯೂ ಇದೇ ಕಥೆ. 29 ಪೈಸೆಯನ್ನು 0.29 ಎಂದು ಬರೆದು 100ರಿಂದ ಗುಣಿಸಿದರೆ 28.999999999999996 ಬರುತ್ತದೆ, ಇಂಟ್ ಮಾಡಿದರೆ 28 ಪೈಸೆ. 4.35 ರೂಪಾಯಿ ಇದೇ ಹಾದಿಯಲ್ಲಿ 434 ಪೈಸೆಯಾಗುತ್ತದೆ. ಎಲ್ಲ ಮೊತ್ತಗಳೂ ಹೀಗೆ ತಪ್ಪುವುದಿಲ್ಲ ಎಂಬುದೇ ತೊಡಕು. ಪರೀಕ್ಷೆಗೆಂದು ಆರಿಸಿದ 2.50, 10.75ರಂತಹ ಮೊತ್ತಗಳು ಸರಿಯಾದ ಉತ್ತರವನ್ನೇ ಕೊಟ್ಟು ಬರೆದವರಿಗೆ ಧೈರ್ಯ ತುಂಬುತ್ತವೆ.

ಪರಿಹಾರ ಎರಡು ಬಗೆಯದು. ಮೊದಲನೆಯದು, ಲೆಕ್ಕವನ್ನು ಅತಿ ಸಣ್ಣ ಘಟಕದಲ್ಲಿಯೇ ನಡೆಸುವುದು: ಹಣವನ್ನು ಪೈಸೆಯಲ್ಲಿ, ಜಮೀನನ್ನು ಗುಂಟೆ ಅಥವಾ ಆಣೆಯಲ್ಲಿ ಪೂರ್ಣಾಂಕವಾಗಿಯೇ ಇಟ್ಟುಕೊಂಡರೆ ಬಿಂದುವಿನ ಗೊಡವೆಯೇ ಇಲ್ಲ. 92 ಗುಂಟೆಯನ್ನು 40ರಿಂದ ಪೂರ್ಣಾಂಕ ಭಾಗಾಕಾರ ಮಾಡಿದರೆ ಭಾಗಲಬ್ಧ 2, ಶೇಷ 12. ಎರಡನೆಯದು, 2004ರಲ್ಲಿ ಪೈಥಾನ್ 2.4ರೊಂದಿಗೆ ಬಂದ ಡೆಸಿಮಲ್ ಮಾಡ್ಯೂಲನ್ನು ಬಳಸುವುದು. ಇದು ಸಂಖ್ಯೆಯನ್ನು ನಾವು ಬರೆದಂತೆಯೇ ಹತ್ತರ ಪದ್ಧತಿಯಲ್ಲಿ ಇಟ್ಟುಕೊಳ್ಳುತ್ತದೆ. ಆದರೆ ಅದಕ್ಕೆ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ, "2.3" ಎಂದು ಪಠ್ಯವಾಗಿಯೇ ಕೊಡಬೇಕು. ಫ್ಲೋಟ್ ಆಗಿ ಕೊಟ್ಟರೆ ಒಳಗಿರುವ ಕೊರತೆಯೂ ಜೊತೆಯಲ್ಲಿಯೇ ಬರುತ್ತದೆ.

ಇಳಿಯುತ್ತಲೇ ಹೋದ ಸೂಚ್ಯಂಕ

ಕತ್ತರಿಸುವ ಪದ್ಧತಿ ಸಂಗ್ರಹವಾಗುತ್ತಾ ಹೋದರೆ ಏನಾಗುತ್ತದೆಂಬುದಕ್ಕೆ ಕೆನಡಾದ ವ್ಯಾಂಕೋವರ್ ಷೇರು ವಿನಿಮಯ ಕೇಂದ್ರದ ಪ್ರಕರಣ ಪ್ರಸಿದ್ಧ ನಿದರ್ಶನ. 1982ರ ಜನವರಿಯಲ್ಲಿ ಅಲ್ಲಿ ಹೊಸ ಸೂಚ್ಯಂಕವೊಂದು 1,000 ಅಂಶಗಳಿಂದ ಆರಂಭವಾಯಿತು. ಪ್ರತಿ ವಹಿವಾಟಿನ ನಂತರ ಅದನ್ನು ಹೊಸದಾಗಿ ಲೆಕ್ಕ ಹಾಕಲಾಗುತ್ತಿತ್ತು. ದಿನಕ್ಕೆ ಸುಮಾರು 2,800 ಬಾರಿ. ಉತ್ತರವನ್ನು ಮೂರು ದಶಮಾಂಶ ಸ್ಥಾನಗಳಿಗೆ ಇಟ್ಟುಕೊಂಡು ಉಳಿದುದನ್ನು ಕತ್ತರಿಸಲಾಗುತ್ತಿತ್ತು. ಸಾವಿರದಿಂದ ಗುಣಿಸಿ, ಇಂಟ್ ಮಾಡಿ, ಮತ್ತೆ ಸಾವಿರದಿಂದ ಭಾಗಿಸಿದಂತೆಯೇ ಇದು.

ಪ್ರತಿ ಕತ್ತರಿಕೆಯಲ್ಲಿ ಹೋಗುತ್ತಿದ್ದದ್ದು ಸರಾಸರಿ 0.0005 ಅಂಶ ಮಾತ್ರ. ಆದರೆ ಪ್ರತಿ ಬಾರಿಯೂ ನಷ್ಟ ಒಂದೇ ದಿಕ್ಕಿಗೆ. ಮೇಲಕ್ಕೆ ಹೋಗಿ ಸರಿದೂಗಿಸುವ ಅವಕಾಶವೇ ಇರಲಿಲ್ಲ. ದಿನಕ್ಕೆ ಒಂದಕ್ಕಿಂತ ಹೆಚ್ಚು, ತಿಂಗಳಿಗೆ ಸುಮಾರು 25 ಅಂಶಗಳು ಸೋರಿಹೋದವು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ ಸುಮಾರು 524ಕ್ಕೆ ಇಳಿದಿತ್ತು. ದೋಷವನ್ನು ಪತ್ತೆ ಮಾಡಿ ಮರುಲೆಕ್ಕ ಹಾಕಿದಾಗ ಬಂದ ನಿಜವಾದ ಬೆಲೆ ಸುಮಾರು 1,098. ಮಾರುಕಟ್ಟೆ ಅರ್ಧಕ್ಕಿಳಿದಂತೆ ತೋರುತ್ತಿದ್ದ ಅವಧಿಯಲ್ಲಿ ವಾಸ್ತವವಾಗಿ ಅದು ಏರಿತ್ತು.

ಪಾತ್ರೆಗೆ ಹಿಡಿಸದ ಸಂಖ್ಯೆ

ಪರಿವರ್ತನೆಯಲ್ಲಿ ಮತ್ತೊಂದು ಅಪಾಯ ಗಾತ್ರದ್ದು. 16 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕದಲ್ಲಿ -32,768ರಿಂದ 32,767ರವರೆಗಿನ ಸಂಖ್ಯೆಗಳು ಮಾತ್ರ ಹಿಡಿಸುತ್ತವೆ. ಅದಕ್ಕಿಂತ ದೊಡ್ಡದನ್ನು ಅದರಲ್ಲಿ ತುಂಬಲು ಹೋದರೆ ಏನಾಗಬೇಕು?

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರೂ ಕೇಂದ್ರದಿಂದ ಯೂರೋಪಿನ ಏರಿಯಾನ್ 5 ರಾಕೆಟ್ಟಿನ ಮೊದಲ ಉಡಾವಣೆ ನಡೆಯಿತು. ಸುಮಾರು 40 ಸೆಕೆಂಡುಗಳಲ್ಲಿ ಅದು ದಿಕ್ಕು ತಪ್ಪಿ ಆಕಾಶದಲ್ಲಿಯೇ ಛಿದ್ರವಾಯಿತು. ಅದರಲ್ಲಿದ್ದ ಕ್ಲಸ್ಟರ್ ಯೋಜನೆಯ ನಾಲ್ಕು ವೈಜ್ಞಾನಿಕ ಉಪಗ್ರಹಗಳು ನಾಶವಾದವು. ಫ್ರೆಂಚ್ ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ನೇತೃತ್ವದ ತನಿಖಾ ಮಂಡಳಿ ಅದೇ ವರ್ಷದ ಜುಲೈನಲ್ಲಿ ವರದಿ ನೀಡಿತು. ರಾಕೆಟ್ಟಿನ ಸ್ಥಿತಿಯನ್ನು ಅಳೆಯುವ ವ್ಯವಸ್ಥೆಯಲ್ಲಿ ಅಡಾ ಭಾಷೆಯ ತಂತ್ರಾಂಶವಿತ್ತು. ಸಮತಲ ವೇಗಕ್ಕೆ ಸಂಬಂಧಿಸಿದ 64 ಬಿಟ್ ಫ್ಲೋಟ್ ಒಂದನ್ನು ಅದು 16 ಬಿಟ್ ಪೂರ್ಣಾಂಕವಾಗಿ ಪರಿವರ್ತಿಸುವಾಗ ಸಂಖ್ಯೆ ಹಿಡಿಸದೆ ದೋಷ ಉಂಟಾಯಿತು. ಬದಲಿಯಾಗಿ ಇರಿಸಿದ್ದ ಎರಡನೆಯ ಘಟಕದಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ಕಾರಣಕ್ಕೆ ನಿಂತುಹೋಗಿತ್ತು.

ಈ ತಂತ್ರಾಂಶ ಹಿಂದಿನ ಏರಿಯಾನ್ 4ರಿಂದ ಎತ್ತಿಕೊಂಡದ್ದು. ಆ ರಾಕೆಟ್ಟಿನ ಹಾದಿಯಲ್ಲಿ ಈ ಸಂಖ್ಯೆ ಮಿತಿಯನ್ನು ಮೀರುತ್ತಿರಲಿಲ್ಲ. ಅಪಾಯವಿದ್ದ ಏಳು ಪರಿವರ್ತನೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಒದಗಿಸಿ ಮೂರನ್ನು ಹಾಗೆಯೇ ಬಿಡಲಾಗಿತ್ತು. ಯಂತ್ರದ ಮೇಲಿನ ಹೊರೆಯನ್ನು ಶೇ. 80ರ ಮಿತಿಯಲ್ಲಿಡುವುದು ಉದ್ದೇಶವಾಗಿತ್ತು. ದೋಷ ಸಂಭವಿಸಿದ ಭಾಗಕ್ಕೆ ಏರಿಯಾನ್ 5 ನೆಲ ಬಿಟ್ಟ ಮೇಲೆ ಕೆಲಸವೇ ಇರಲಿಲ್ಲವೆಂಬುದನ್ನೂ ವರದಿ ದಾಖಲಿಸಿತು. ನಾಶವಾದ ಉಪಗ್ರಹಗಳಿಗೆ ಬದಲಾಗಿ ಹೊಸ ನಾಲ್ಕನ್ನು 2000ದಲ್ಲಿ ಬೈಕನೂರಿನಿಂದ ಸೋಯುಜ್ ರಾಕೆಟ್ಟುಗಳ ಮೂಲಕ ಕಳುಹಿಸಲಾಯಿತು.

ಪೈಥಾನ್‌ನ ಪೂರ್ಣಾಂಕಕ್ಕೆ ಇಂತಹ ಗಾತ್ರದ ಮಿತಿಯಿಲ್ಲ. ಹಾಗೆಂದು ನಿಶ್ಚಿಂತೆಯಿಂದಿರಲಾಗದು. 9007199254740992 ಎಂಬ ಹದಿನಾರಂಕಿಯ ಸಂಖ್ಯೆಯ ಆಚೆಗೆ ಫ್ಲೋಟ್ ಎಲ್ಲ ಪೂರ್ಣಾಂಕಗಳನ್ನೂ ಗುರುತಿಸಲಾರದು. 9007199254740993ನ್ನು ಒಮ್ಮೆ ಫ್ಲೋಟ್ ಮಾಡಿ ಮರಳಿ ಪೂರ್ಣಾಂಕವಾಗಿಸಿದರೆ ಕೊನೆಯ ಅಂಕಿ 2 ಆಗಿರುತ್ತದೆ. ಉದ್ದನೆಯ ಖಾತೆ ಸಂಖ್ಯೆ, ರಸೀದಿ ಸಂಖ್ಯೆಗಳನ್ನು ಫ್ಲೋಟ್ ಆಗಿ ಇಟ್ಟುಕೊಳ್ಳಬಾರದೆಂಬ ಎಚ್ಚರಿಕೆಗೆ ಇದೇ ಕಾರಣ.

ತೋರಿಸುವ ಸಂಖ್ಯೆ, ತೀರ್ಮಾನಿಸುವ ಸಂಖ್ಯೆ

ಹತ್ತಿರದ ಸಂಖ್ಯೆಗೆ ಒಯ್ಯುವುದು ಸದಾ ಸುರಕ್ಷಿತವೆಂಬ ನಂಬಿಕೆಗೂ ಅಪವಾದವಿದೆ. ಜರ್ಮನಿಯ ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯದಲ್ಲಿ 1992ರ ಏಪ್ರಿಲ್ 5ರಂದು ವಿಧಾನಸಭಾ ಚುನಾವಣೆ ನಡೆಯಿತು. ಅಲ್ಲಿನ ನಿಯಮದಂತೆ ಸ್ಥಾನ ಪಡೆಯಲು ಪಕ್ಷವೊಂದು ಶೇ. 5ರಷ್ಟು ಮತ ಗಳಿಸಿರಬೇಕು. ಗ್ರೀನ್ ಪಕ್ಷಕ್ಕೆ ದೊರೆತದ್ದು ಶೇ. 4.97. ಪ್ರೋಗ್ರಾಂ ಒಂದೇ ದಶಮಾಂಶ ಸ್ಥಾನವನ್ನು ಮುದ್ರಿಸುತ್ತಿದ್ದುದರಿಂದ ಅದು 5.0 ಎಂದು ಕಾಣಿಸಿತು. ಪಕ್ಷ ವಿಧಾನಸಭೆ ಪ್ರವೇಶಿಸಿತೆಂದೇ ಮೊದಲು ಪ್ರಕಟವಾಯಿತು. ತಪ್ಪು ತಿಳಿದ ಬಳಿಕ ಸ್ಥಾನಗಳನ್ನು ಮತ್ತೆ ಹಂಚಲಾಗಿ, ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ 89 ಸ್ಥಾನಗಳಲ್ಲಿ 45 ದೊರೆತು ಬಹುಮತ ಬಂದಿತು.

ಓದುಗರ ಅನುಕೂಲಕ್ಕಾಗಿ ಸಂಖ್ಯೆಯನ್ನು ಚಿಕ್ಕದಾಗಿಸಬಹುದು. ಅರ್ಹತೆ, ಉತ್ತೀರ್ಣತೆ, ಗೆಲುವುಗಳನ್ನು ಮೂಲ ಸಂಖ್ಯೆಯ ಮೇಲೆಯೇ ತೀರ್ಮಾನಿಸಬೇಕು.

ಪಠ್ಯದಿಂದ ಸಂಖ್ಯೆಗೆ

ಅರ್ಜಿ ನಮೂನೆಯಿಂದಾಗಲಿ ಕಡತದಿಂದಾಗಲಿ ಬರುವ ಸಂಖ್ಯೆ ಮೊದಲಿಗೆ ಸಂಖ್ಯೆಯೇ ಆಗಿರುವುದಿಲ್ಲ, ಅಕ್ಷರಗಳ ಸಾಲಾಗಿರುತ್ತದೆ. ಪೈಥಾನ್‌ನಲ್ಲಿ ಇಂಟ್("37") ಎಂದರೆ 37 ದೊರೆಯುತ್ತದೆ. ಇಂಟ್("3.7") ಎಂದರೆ ವ್ಯಾಲ್ಯೂ ಎರರ್ ಬರುತ್ತದೆ. ಬಿಂದುವಿರುವ ಪಠ್ಯವನ್ನು ಮೊದಲು ಫ್ಲೋಟ್ ಅಥವಾ ಡೆಸಿಮಲ್ ಮಾಡಿ, ನಂತರ ಪೂರ್ಣಾಂಕಕ್ಕೆ ಒಯ್ಯಬೇಕು. ಇದು ಕಿರಿಕಿರಿಯೆನಿಸಿದರೂ ಉಪಕಾರಿ. ಭಿನ್ನಭಾಗವನ್ನು ಏನು ಮಾಡಬೇಕೆಂದು ಭಾಷೆ ಬರೆಯುವವರನ್ನು ಕೇಳಿದಂತಾಗುತ್ತದೆ.

ಕನ್ನಡಿಗರಿಗೆ ಇಲ್ಲೊಂದು ಸಂತಸದ ಸಂಗತಿಯಿದೆ. ಪೈಥಾನ್ 3 ಯುನಿಕೋಡ್‌ನಲ್ಲಿರುವ ಕನ್ನಡ ಅಂಕಿಗಳನ್ನೂ ಓದುತ್ತದೆ. ಇಂಟ್("೩೭") ಎಂದರೆ 37, ಫ್ಲೋಟ್("೩.೭") ಎಂದರೆ 3.7. ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್‌ಗೆ ಇದೇ ಕನ್ನಡ ಅಂಕಿಗಳನ್ನು ಕೊಟ್ಟರೆ ಅದು ಸಂಖ್ಯೆಯೇ ಅಲ್ಲವೆಂದು ತಿಳಿಸುತ್ತದೆ.

ಎಕರೆ ಗುಂಟೆಯ ದಾಖಲೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಪಹಣಿಯ ರೂಢಿಯಂತೆ 2.20 ಎಂದು ಬರೆದಿದ್ದರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಅಲ್ಲಿನ ಚುಕ್ಕೆ ದಶಮಾಂಶ ಬಿಂದುವಲ್ಲ, ಎರಡು ಪೂರ್ಣಾಂಕಗಳ ನಡುವಿನ ಗಡಿ. ಅದನ್ನು ಫ್ಲೋಟ್ ಆಗಿ ಓದಿದರೆ 2.2 ಎಕರೆಯಾಗಿ 12 ಗುಂಟೆ ಕಳೆದುಹೋಗುತ್ತದೆ. ಇಂತಹ ಪಠ್ಯವನ್ನು ಚುಕ್ಕೆಯ ಬಳಿ ಒಡೆದು ಎರಡೂ ಭಾಗಗಳನ್ನು ಪ್ರತ್ಯೇಕವಾಗಿ ಇಂಟ್ ಮಾಡುವುದು ಸರಿಯಾದ ಕ್ರಮ.

ಭಾಷೆಯಿಂದ ಭಾಷೆಗೆ

ಸಿ ಮತ್ತು ಜಾವಾ ಭಾಷೆಗಳಲ್ಲಿಯೂ ಇಂಟ್ ಪರಿವರ್ತನೆ ಬಿಂದುವಿನ ಬಲಭಾಗವನ್ನು ಕತ್ತರಿಸುತ್ತದೆ. ವ್ಯತ್ಯಾಸವಿರುವುದು ಅಂಚುಗಳಲ್ಲಿ. ಹಿಡಿಸದಷ್ಟು ದೊಡ್ಡ ಫ್ಲೋಟ್ ಬಂದರೆ ಜಾವಾ ತನ್ನ ಅತಿ ದೊಡ್ಡ ಪೂರ್ಣಾಂಕವಾದ 2147483647ನ್ನು ಕೊಟ್ಟು ಸುಮ್ಮನಾಗುತ್ತದೆ. ಸಿ ಭಾಷೆಯ ಮಾನದಂಡ ಇಂತಹ ಸಂದರ್ಭದಲ್ಲಿ ಏನಾಗಬೇಕೆಂಬುದನ್ನು ಗೊತ್ತುಪಡಿಸಿಯೇ ಇಲ್ಲ. ಯಾವ ಉತ್ತರವಾದರೂ ಬರಬಹುದು.

ಋಣ ಸಂಖ್ಯೆಯ ಅರ್ಧದಲ್ಲಿಯೂ ಭಾಷೆಗಳ ನಡುವೆ ಒಮ್ಮತವಿಲ್ಲ. -2.5ಕ್ಕೆ ಸಿ ಭಾಷೆಯ ರೌಂಡ್ -3 ಎನ್ನುತ್ತದೆ. ಜಾವಾ ಮತ್ತು ಜಾವಾಸ್ಕ್ರಿಪ್ಟ್‌ಗಳ ರೌಂಡ್ -2 ಎನ್ನುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ 2.5 ರೂಪಾಯಿಯ ಬಿಲ್ಲು 3 ಆಗಿ, ಅದನ್ನೇ ರದ್ದುಪಡಿಸುವ -2.5ರ ನಮೂದು -2 ಆದರೆ ಲೆಕ್ಕಪುಸ್ತಕದಲ್ಲಿ ಒಂದು ರೂಪಾಯಿ ವಾರಸುದಾರರಿಲ್ಲದೆ ಉಳಿಯುತ್ತದೆ. ಪೈಥಾನ್‌ನ ಡೆಸಿಮಲ್ ಮಾಡ್ಯೂಲಿನಲ್ಲಿ ಅರ್ಧವನ್ನು ಏರಿಸುವ ನಿಯಮವನ್ನು ಆರಿಸಿಕೊಂಡರೆ 2.5ಕ್ಕೆ 3, -2.5ಕ್ಕೆ -3 ಬಂದು ಎರಡೂ ಸರಿದೂಗುತ್ತವೆ.

ಅನುಸರಿಸಬೇಕಾದ ಕ್ರಮ

1. ಸಂಖ್ಯೆ ಏನನ್ನು ಸೂಚಿಸುತ್ತದೆ ಎಂಬುದನ್ನು ಮೊದಲು ನಿರ್ಧರಿಸಬೇಕು. ತುಂಬಿದ ವರ್ಷಗಳಿಗೆ ಫ್ಲೋರ್, ಬೇಕಾಗುವ ವಾಹನಗಳಿಗೆ ಸೀಲ್, ಅಂದಾಜಿಗೆ ರೌಂಡ್ ಸೂಕ್ತ.

2. ಕಾಯ್ದೆ ಅಥವಾ ಒಪ್ಪಂದದಲ್ಲಿ ಅರ್ಧದ ನಿಯಮ ಬರೆದಿದ್ದರೆ ಭಾಷೆಯ ರೂಢಿಯನ್ನು ಬದಿಗಿಟ್ಟು ಅದನ್ನೇ ಪಾಲಿಸಬೇಕು.

3. ಹಣವನ್ನೂ ಜಮೀನನ್ನೂ ಸಣ್ಣ ಘಟಕದ ಪೂರ್ಣಾಂಕದಲ್ಲಿ ಅಥವಾ ಡೆಸಿಮಲ್‌ನಲ್ಲಿ ಇಡಬೇಕು. ಗುಣಾಕಾರದಿಂದ ಬಂದ ಫ್ಲೋಟ್ ಮೇಲೆ ನೇರವಾಗಿ ಇಂಟ್ ಬಳಸಬಾರದು.

4. ಲೆಕ್ಕದ ನಡುವೆ ಪದೇ ಪದೇ ಕತ್ತರಿಸದೆ, ನಿಯಮ ಬೇರೆ ಹೇಳದಿದ್ದರೆ ಕೊನೆಯಲ್ಲಿ ಒಂದೇ ಬಾರಿ ಪರಿವರ್ತಿಸಬೇಕು.

5. ಪರಿವರ್ತಿತ ಸಂಖ್ಯೆಯನ್ನು ತುಂಬುವ ಜಾಗದ ಮಿತಿಯನ್ನು ಪರಿಶೀಲಿಸಬೇಕು. ಹಳೆಯ ತಂತ್ರಾಂಶವನ್ನು ಹೊಸ ಕೆಲಸಕ್ಕೆ ಬಳಸುವಾಗ ಇದನ್ನು ಮತ್ತೊಮ್ಮೆ ಮಾಡಬೇಕು.

6. ಪರೀಕ್ಷೆಗೆ ಸುಲಭದ ಸಂಖ್ಯೆಗಳು ಸಾಲವು. 0.5, 2.5, -2.5, -3.7, 0.29, 4.35, ಸೊನ್ನೆ, ಅತಿ ದೊಡ್ಡ ಸಂಖ್ಯೆ ಮತ್ತು ಖಾಲಿ ಪಠ್ಯ ಇಷ್ಟನ್ನಾದರೂ ಕೊಟ್ಟು ನೋಡಬೇಕು.

ಪ್ರೋಗ್ರಾಂ ಬರೆಯದವರಿಗೂ ಇದರಲ್ಲಿ ಪಾಲಿದೆ. ತಂತ್ರಾಂಶ ಮಾಡಿಸುವ ಕಚೇರಿ, ಅಂಗಡಿ, ಸಹಕಾರ ಸಂಘಗಳು ಬೇಡಿಕೆಯ ಪಟ್ಟಿಯಲ್ಲಿಯೇ ಬಿಂದುವಿನ ಬಲಕ್ಕೆ ಉಳಿದದ್ದು ಯಾರ ಪಾಲಿಗೆ ಸೇರಬೇಕೆಂಬ ನಿಯಮವನ್ನು ಒಂದು ಸಾಲಿನಲ್ಲಿ ಬರೆದುಕೊಡಬೇಕು. ಆ ಸಾಲು ಇಲ್ಲದಿದ್ದರೆ ಅದನ್ನು ಗ್ರಾಹಕರೂ ಅಲ್ಲ, ಮಾಲೀಕರೂ ಅಲ್ಲ, ಭಾಷೆಯನ್ನು ರೂಪಿಸಿದವರು ಎಂದೋ ಮಾಡಿಟ್ಟ ಆಯ್ಕೆ ನಿರ್ಧರಿಸುತ್ತದೆ.